ಪಿಕಪ್‌ಗೆ ಸೈಡ್ ಸ್ಟೆಪ್: ಪೈಪೋ, ಫುಟ್‌ಬೋರ್ಡೋ, ರಾಕ್ ಸ್ಲೈಡರೋ?

ಸಕಲೇಶಪುರದ ಕಡೆಯ ಕಾಫಿ ತೋಟಗಳ ದಾರಿಗೆ ಇಸುಜು ವಿ-ಕ್ರಾಸ್‌ನಂತಹ ಪಿಕಪ್‌ಗಳ ಎತ್ತರ ಎಷ್ಟು ಅನುಕೂಲವೋ, ವಯಸ್ಸಾದವರು ಹತ್ತಿ ಇಳಿಯುವಾಗ ಅಷ್ಟೇ ತೊಡಕು. ಅದಕ್ಕೇ ಬಾಗಿಲ ಕೆಳಗೆ ಕಾಲಿಡಲು ಸೈಡ್ ಸ್ಟೆಪ್ ಹಾಕಿಸುವುದು. ನಮ್ಮ ವಿ-ಕ್ರಾಸ್‌ಗೆ ಮೊದಲು ಮೂರು ಇಂಚಿನ ಉಕ್ಕಿನ ಪೈಪ್ ಸ್ಟೆಪ್ ಇತ್ತು, ಅನಂತರ ಆರು ಇಂಚು ಅಗಲದ ಅಲ್ಯೂಮಿನಿಯಂ ಫುಟ್‌ಬೋರ್ಡ್ ಹಾಕಿಸಿದೆ. ಬಂಡೆಯ ಹೊಡೆತದಿಂದ ಗಾಡಿಯ ಪಕ್ಕವನ್ನು ಕಾಯುವ ರಾಕ್ ಸ್ಲೈಡರ್ ಇರುವ ತಮ್ಮನ ಗಾಡಿಯನ್ನೂ ಮಳೆಗಾಲದಲ್ಲಿ ಸಾಕಷ್ಟು ಓಡಿಸಿದ್ದೇನೆ.

ಪೈಪ್ ಸ್ಟೆಪ್ ಗಟ್ಟಿ, ಬೆಲೆ ಕಡಿಮೆ, ಕೆಸರು ಅದರ ಮೇಲೆ ನಿಲ್ಲುವುದಿಲ್ಲ. ಆದರೆ ಗಮ್‌ಬೂಟಿನ ಮುಂಭಾಗವಷ್ಟೇ ಅದರ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಪ್ಯಾಡ್ ಬಾಗಿಲುಗಳ ನೇರಕ್ಕೆ ಮಾತ್ರ ಇರುವುದರಿಂದ, ಒಂದು ಅಂಗುಲ ಆಚೆ ಕಾಲಿಟ್ಟರೂ ಒದ್ದೆ ಪೈಪಿನ ಮೇಲೆ ಜಾರುತ್ತದೆ. ಮುಂದಿನ ಚಕ್ರ ಎರಚುವ ಕಲ್ಲುಗಳಿಗೆ ಪೌಡರ್ ಕೋಟಿಂಗ್ ಎದ್ದುಹೋಗಿ, ಬ್ರಾಕೆಟ್‌ನ ವೆಲ್ಡಿಂಗ್ ಸುತ್ತ ತುಕ್ಕು ಶುರುವಾಗುತ್ತದೆ.

ಫುಟ್‌ಬೋರ್ಡಿನಲ್ಲಿ ಪೂರ್ತಿ ಪಾದ ಊರಬಹುದು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲ ಪಕ್ಕದ ಹಿಡಿ ಹಿಡಿದು ಹತ್ತುವ ನಮ್ಮ ಅಮ್ಮನಿಗೆ ಈ ಅಗಲವೇ ಧೈರ್ಯ ಕೊಡುತ್ತದೆ. ಹಿಂದಿನ ಬಾಗಿಲಿನವರೆಗೂ ಒಂದೇ ಸಮನಾಗಿರುವುದರಿಂದ ಅದರ ಮೇಲೆ ನಿಂತೇ ಟಾರ್ಪಾಲಿನ ಹಗ್ಗ ಬಿಗಿಯಬಹುದು. ಆದರೆ ಉದ್ದ ಕಾಲಿನವರು ಬೋರ್ಡನ್ನು ದಾಟಿ ನೇರವಾಗಿ ನೆಲಕ್ಕೆ ಇಳಿದರೆ ಅದರ ಅಂಚಿನ ಕೆಸರೆಲ್ಲ ಪ್ಯಾಂಟಿನ ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಬೋರ್ಡಿಗೂ ಬಾಡಿಗೂ ನಡುವಿನ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತರೆ ಬಾಗಿಲ ಕೆಳಗಿನ ನೀರು ಇಳಿಯುವ ರಂಧ್ರಗಳು ಮುಚ್ಚಿಹೋಗುವುದರಿಂದ, ಗಾಡಿ ತೊಳೆಯುವಾಗ ಅಲ್ಲಿಗೆ ನೀರಿನ ಪೈಪ್ ಹಿಡಿಯಲೇಬೇಕು. ಅಲ್ಯೂಮಿನಿಯಂ ಉಕ್ಕಿನ ಬ್ರಾಕೆಟ್‌ಗೆ ನೇರವಾಗಿ ತಾಗಿ, ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ನೈಲಾನ್ ವಾಷರ್ ಹಾಕಿಸುವುದು ಅಗತ್ಯ.

ರಾಕ್ ಸ್ಲೈಡರ್ ಇವೆರಡಕ್ಕಿಂತ ಬೇರೆಯೇ ಜಾತಿ. ಅದು ಬಾಡಿಗಲ್ಲ, ಚಾಸಿಸ್‌ಗೇ ಕೂರುತ್ತದೆ. ಗಾಡಿ ಬಂಡೆಯ ಮೇಲೆ ಇಳಿದರೆ ಭಾರವನ್ನು ತಾನು ಹೊತ್ತು ಬಾಗಿಲ ಕೆಳಗಿನ ತಗಡನ್ನು ಉಳಿಸುತ್ತದೆ. ವಿ-ಕ್ರಾಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3,095 ಮಿಲಿಮೀಟರ್ ಇರುವುದರಿಂದ ದಿಬ್ಬದ ನೆತ್ತಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಗಲುವುದು ಸಹಜ. ಕೆಳಗೆ ಜೋತುಬಿದ್ದ ಯಾವುದೇ ಸ್ಟೆಪ್ ಮೊದಲು ಬಡಿಯುವುದೂ ಅಲ್ಲೇ. ಸ್ಲೈಡರನ್ನು ಮೇಲಕ್ಕೆ ಒತ್ತಿ ಕೂರಿಸುವುದು ಇದೇ ಕಾರಣಕ್ಕೆ, ಆದರೆ ಹತ್ತುವ ಮೆಟ್ಟಿಲಾಗಿ ಅದು ಸೋಲುವುದೂ ಇದೇ ಕಾರಣಕ್ಕೆ. ಅಮ್ಮನಿಗೆ ಅದರ ಮೇಲೆ ಕಾಲಿಡಲು ಆಗಲೇ ಇಲ್ಲ. ತೂಕವೂ ಹೆಚ್ಚು.

ಬಾಗಿಲು ತೆರೆದಾಗ ತಾನೇ ಇಳಿಯುವ ಮೋಟಾರಿನ ಸ್ಟೆಪ್ ಪೇಟೆಯ ಗಾಡಿಗೆ ಚೆಂದ. ಕೆಸರು ಸದಾ ಸಿಡಿಯುವ ಜಾಗದಲ್ಲಿ ಕೀಲುಗಳಿರುವ ಯಂತ್ರವನ್ನು ತೋಟದ ಗಾಡಿಗೆ ನಾನು ಹಾಕಿಸಲಾರೆ.

ಮನೆಯಲ್ಲಿ ಹಿರಿಯರಿದ್ದರೆ ಫುಟ್‌ಬೋರ್ಡೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಟ್ಟೆ ತಗಲುವಂತಹ ಹಾದಿ ದಿನವೂ ಇರುವವರು ಮಾತ್ರ ಸ್ಲೈಡರ್‌ಗೆ ದುಡ್ಡು ಹಾಕಲಿ. ಯಾವುದನ್ನೇ ಆರಿಸಿದರೂ ಕಂಪನಿ ಕೊಟ್ಟ ರಂಧ್ರಗಳಿಗೇ ಬ್ರಾಕೆಟ್ ಕೂರುತ್ತದೆಯೇ ಎಂದು ನೋಡಿ. ಬಾಡಿಯನ್ನು ಕೊರೆಯಲು ಬಿಡಬೇಡಿ. ಹಣ ಕೊಡುವ ಮೊದಲು ಸ್ಟೆಪ್‌ನ ಹಿಂದಿನ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತು ಮೈಭಾರ ಹಾಕಿ ಅಲ್ಲಾಡಿಸಿ ನೋಡಿ, ಬೋಲ್ಟುಗಳನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಿಕೊಳ್ಳಿ.