ಕಾರ್ಬನ್ ಗಾಲಿಗೆ ಹಳೇ ಬ್ರೇಕ್ ರಬ್ಬರ್: ನಾನು ಬಿದ್ದ ಕತೆ

ಸೈಕಲ್ಲಿಗೆ ಸೆಕೆಂಡ್ ಹ್ಯಾಂಡ್ ಕಾರ್ಬನ್ ಗಾಲಿ ಅಗ್ಗಕ್ಕೆ ಸಿಗ್ತಿದೆ ಅಂತ ಕೈ ಹಾಕೋ ಮುಂಚೆ ಇದನ್ನು ಓದಿ.

ನಾನು ಕಲಬುರಗಿಯವನು. ಹೋದ ಚಳಿಗಾಲದಲ್ಲಿ ಒಬ್ಬರಿಂದ ಒಂದು ಜೊತೆ ಕಾರ್ಬನ್ ಗಾಲಿ ಕೊಂಡೆ. ಡಿಸ್ಕ್ ಅಲ್ಲ, ರಿಮ್ಮನ್ನೇ ಹಿಡಿಯುವ ಬ್ರೇಕಿನವು. ಹಳೆಯ ಅಲ್ಯೂಮಿನಿಯಂ ಗಾಲಿ ಬಿಚ್ಚಿ ಇವನ್ನು ಕೂರಿಸಿದೆ. ಬ್ರೇಕ್ ರಬ್ಬರ್ ಇನ್ನೂ ದಪ್ಪ ಇತ್ತು, ಸುಮ್ನೆ ಯಾಕೆ ಬದಲಿಸೋದು ಅಂತ ಬಿಟ್ಟೆ. ಗಾಲಿಗೆ ಅಷ್ಟು ಸುರಿದವನು ರಬ್ಬರಿನಲ್ಲಿ ಜುಗ್ಗತನ ಮಾಡಿದೆ.

ನಮ್ಮೂರಿನ ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಬ್ರೇಕ್ ಒತ್ತಿದರೆ ಕರಕರ ಅನ್ನುತ್ತಿತ್ತು, ಅಷ್ಟೇ. ಧೂಳಿರಬೇಕು ಅಂದುಕೊಂಡೆ.

ಮೇ ತಿಂಗಳಲ್ಲಿ ಬೀದರ್‌ಗೆ ಹೋಗಿದ್ದೆವು. ಬೀದರ್ ಇರೋದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಅಷ್ಟೂರಿನ ಬಹಮನಿ ಗೋರಿಗಳು ಕೆಳಗೆ. ಒಂದು ಸಲ ಇಳಿದು ಹತ್ತಿದೆವು. ಎರಡನೇ ಸಲ ಇಳಿಯುವಾಗ ಮುಂದೆ ಕುರಿ ಹಿಂಡು, ಅದರ ಹಿಂದೆ ಟ್ರ್ಯಾಕ್ಟರ್. ಹಿಂದಿನ ಬ್ರೇಕನ್ನು ಬಿಡದೆ ಒತ್ತಿಕೊಂಡೇ ಇಳಿದೆ. ಮೊದಲು ಸುಟ್ಟ ಪ್ಲಾಸ್ಟಿಕ್ ವಾಸನೆ. ನಾನು ಟ್ರ್ಯಾಕ್ಟರ್‌ದು ಅಂದುಕೊಂಡೆ! ಆಮೇಲೆ ಬ್ರೇಕ್ ಲಿವರ್ ಬೆರಳಿಗೆ ಟಕ್ ಟಕ್ ಅಂತ ಬಡಿಯತೊಡಗಿತು. ಗಾಲಿ ಒಂದು ಸುತ್ತು ಬಂದರೆ ಒಂದು ಬಡಿತ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಢಬ್ ಅಂತ ಟ್ಯೂಬ್ ಒಡೆಯಿತು, ನಾನು ಮಣ್ಣಿನಲ್ಲಿದ್ದೆ. ಮೊಣಕೈ ಕಿತ್ತುಹೋಯಿತು, ಮೂಳೆಗೇನೂ ಆಗಲಿಲ್ಲ.

ಊರಿಗೆ ಬಂದು ನಮ್ಮ ಸೈಕಲ್ ಮಿಸ್ತ್ರಿ ಚಾಚಾಗೆ ತೋರಿಸಿದೆ. ರಿಮ್ಮಿನ ಗೋಡೆ ಒಂದು ಕಡೆ ಹೊರಗೆ ಉಬ್ಬಿತ್ತು. ಚಾಚಾ ರಬ್ಬರ್ ಬಿಚ್ಚಿ ಬೆಳಕಿಗೆ ಹಿಡಿದರು. ಒಳಗೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ.

"ನೋಡ್ರಿ ಸರ, ಹಳೀ ಗಾಲಿ ಅಲ್ಯೂಮಿನಿಯಂ ಇದರಾಗ ಕುಂತದ. ಇದು ರಬ್ಬರ್ ಅಲ್ರಿ, ಉಜ್ಜೋ ಅರ ಆಗ್ಯದ."

ಆ ಚೂರುಗಳೇ ಕಾರ್ಬನ್ನನ್ನು ಗೀರಿದ್ದವು. ಆದರೆ ನನ್ನನ್ನು ಬೀಳಿಸಿದ್ದು ಕಾವು. ಅಲ್ಯೂಮಿನಿಯಂ ಕಾವನ್ನು ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ರಿಮ್ಮಿನಲ್ಲಿ ಬ್ರೇಕ್ ಉಜ್ಜಿದ ಜಾಗದಲ್ಲೇ ಕಾವು ನಿಲ್ಲುತ್ತದೆ. ಕಾರ್ಬನ್ ಎಳೆಗಳನ್ನು ಹಿಡಿದಿಡುವುದು ರೆಸಿನ್ ಅನ್ನೋ ಅಂಟು. ಕಾವು ಮಿತಿ ಮೀರಿದರೆ ಅದು ಮೆತ್ತಗಾಗುತ್ತದೆ. ಟೈರಿನಲ್ಲಿ 100 ಪಿಎಸ್‌ಐ ಒತ್ತಡದ ಗಾಳಿ ಹೊರಗೆ ತಳ್ಳುತ್ತಲೇ ಇರುತ್ತದೆ. ಉಬ್ಬದೆ ಇನ್ನೇನು ಮಾಡೀತು?

ಕಾರ್ಬನ್ ರಿಮ್ಮಿಗೆ ಅಂತಲೇ ಬೇರೆ ಬ್ರೇಕ್ ರಬ್ಬರ್, ಅಂದರೆ ಪ್ಯಾಡ್, ಬರುತ್ತವೆ. ಅವನ್ನೇ ಹಾಕಿ. ಅವನ್ನು ಒಮ್ಮೆ ಅಲ್ಯೂಮಿನಿಯಂ ಗಾಲಿಗೆ ಹಾಕಿ ಓಡಿಸಿದ್ದರೆ ಮತ್ತೆ ಕಾರ್ಬನ್ನಿಗೆ ಹಾಕಬೇಡಿ. ಇಳುಕಲಿನಲ್ಲಿ ನನ್ನ ಹಾಗೆ ಒತ್ತಿಕೊಂಡೇ ಇರಬೇಡಿ. ಗಟ್ಟಿಯಾಗಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ. ಮಳೆಯಲ್ಲಂತೂ ಈ ರಿಮ್ಮಿಗೆ ಬ್ರೇಕ್ ಹತ್ತೋದು ತಡ, ಮುಂಚೆಯೇ ಒತ್ತಬೇಕು. ಹಳೇ ಗಾಲಿ ಕೊಳ್ಳುವಾಗ ರಿಮ್ಮಿನ ಎರಡೂ ಗೋಡೆಗೆ ಬೆರಳಿಟ್ಟು ಪೂರ್ತಿ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಉಬ್ಬು ಸಿಕ್ಕರೆ ವಾಪಸ್ ಕೊಟ್ಟು ಬನ್ನಿ.

ಮಾರಿದವರಿಗೆ ಫೋನ್ ಮಾಡಿದ್ದೆ. "ಪ್ಯಾಡ್ ನಮ್ಮ ಮನೆಯಲ್ಲೇ ಉಳಿದಿವೆ, ನೀವು ಕೇಳಲಿಲ್ಲ" ಅಂದರು.