ಕಾಫಿ ಹೂವಿನ ಘಮ ಡಬ್ಬಿಗೆ ಇಳಿಯುವುದು ಯಾವ ದಾರಿಯಲ್ಲಿ? ಕೊಬ್ಬು, ಎಣ್ಣೆ, ಎಳ್ಳು, ಆವಿಗಳ ಹೋಲಿಕೆ

ಕಾಫಿ ಅರಳಿಸುವ ಬೇಸಿಗೆ ಮಳೆ, ಅಂದರೆ ಹೂಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಆ ಘಮ ಇರುವುದು ಎರಡು ದಿನ, ಹೆಚ್ಚೆಂದರೆ ಮೂರು. ಅದನ್ನು ಮುಲಾಮಿಗೋ ತಲೆಎಣ್ಣೆಗೋ ಹಿಡಿದಿಡಬೇಕು ಅನ್ನಿಸಿದವರು ಸಾಮಾನ್ಯವಾಗಿ ಬೊಗಸೆ ಹೂ ತಂದು ತೆಂಗಿನೆಣ್ಣೆಗೆ ಹಾಕಿ ಒಲೆಯ ಮೇಲಿಡುತ್ತಾರೆ. ಹತ್ತು ನಿಮಿಷದಲ್ಲಿ ಮನೆಯೆಲ್ಲ ಘಮಘಮ ಅನ್ನುತ್ತದೆ. ಎಣ್ಣೆ ಸೋಸಿ ಮೂಸಿದರೆ ಬೇಯಿಸಿದ ಸೊಪ್ಪಿನ ವಾಸನೆ. ಎಣ್ಣೆಯಲ್ಲಿ ಉಳಿಯಬೇಕಿದ್ದದ್ದು ಅಷ್ಟೂ ಗಾಳಿಗೆ ಹೋಗಿರುತ್ತದೆ.

ಈ ಹೋಲಿಕೆ ಮಡಿಕೇರಿಯ ಎತ್ತರದಲ್ಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂಗಳನ್ನು ಒಂದೇ ಅಳತೆಯಲ್ಲಿ ತೂಗಿಕೊಂಡು ಮಾಡಿದ್ದು. ನಾಲ್ಕು ದಾರಿ ನೋಡಿದೆವು: ತಣ್ಣನೆಯ ಕೊಬ್ಬಿನ ಮೇಲೆ ಹೂ ಹಾಸುವುದು, ಎಣ್ಣೆಯಲ್ಲಿ ನೆನೆಹಾಕುವುದು, ಎಳ್ಳಿನ ನಡುವೆ ಹೂ ಪದರ ಹಾಕಿ ಆಮೇಲೆ ಗಾಣಕ್ಕೆ ಕೊಡುವುದು, ಆವಿ ಇಳಿಸುವುದು. ಹೂಗಳಲ್ಲಿ ಕಾಫಿ, ಮಲ್ಲಿಗೆ, ಸಂಪಿಗೆ, ಗುಲಾಬಿ, ಕಿತ್ತಳೆ. ಯಾವ ದಾರಿ ಸರಿ ಎಂಬುದು ಹೂವಿನಿಂದ ಹೂವಿಗೆ ಬದಲಾಗುತ್ತದೆ. ಕೆಲಸ ಕೆಟ್ಟಾಗ ಮಾತ್ರ ಹೆಚ್ಚಿನ ಸಲ ಕಾರಣ ಒಂದೇ, ನೀರು.

ಮೊದಲು ಹೂ ಕೀಳುವ ಮಾತು. ರೊಬಸ್ಟಾ ಜಾತಿಯ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಲ್ಲೋ ಬರಬೇಕು. ಅರಳಿದ ಮೊದಲ ಬೆಳಿಗ್ಗೆಯೇ ಕಿತ್ತರೆ ಅಷ್ಟು ಫಸಲು ಹೋಯಿತು. ಎರಡನೆಯ ದಿನದ ಸಂಜೆಯಿಂದ ಗಿಡದ ಕೆಳಗೆ ಹಳೆ ಪಂಚೆ ಹಾಸಿ, ಕೊಂಬೆ ಮೆಲ್ಲಗೆ ಅಲುಗಿಸಿ, ತಾನಾಗಿ ಬಿಡುವ ಹೂವನ್ನಷ್ಟೇ ತೆಗೆದುಕೊಳ್ಳಿ. ಘಮ ಸ್ವಲ್ಪ ಇಳಿದಿರುತ್ತದೆ, ಆದರೂ ಸಾಕಷ್ಟಿರುತ್ತದೆ. ಬೆಳಗಿನ ಹೊತ್ತು ತುಡುವೆ, ಹೆಜ್ಜೇನು ಎರಡೂ ಹೂವಿನ ಮೇಲಿರುತ್ತವೆ, ಆಗ ಗಿಡ ಅಲುಗಿಸುವುದು ಅವಕ್ಕೂ ಕೆಡುಕು, ನಮಗೂ ಅಪಾಯ. ಔಷಧಿ ಸಿಂಪಡಿಸಿದ ತೋಟದ ಹೂ ಬೇಡ. ಸಂತೆಯ ಗುಲಾಬಿಗೂ ಇದೇ ಮಾತು: ಹಾರಕ್ಕೆಂದು ಬೆಳೆದ ಹೂವಿಗೆ ಎಷ್ಟು ಸಲ ಔಷಧಿ ಬಿದ್ದಿದೆಯೋ ತಿಳಿಯದು, ಮೈಗೆ ಹಚ್ಚುವುದಕ್ಕೆ ಮನೆಯಂಗಳದ ನಾಟಿ ಗುಲಾಬಿಯೇ ಆಗಬೇಕು.

ಕೊಬ್ಬಿನ ತಟ್ಟೆ

ಮಲ್ಲಿಗೆ, ಸುಗಂಧರಾಜದಂಥ ಹೂಗಳು ಕಿತ್ತ ಮೇಲೂ ಗಂಟೆಗಟ್ಟಲೆ ಘಮ ಬಿಡುತ್ತಲೇ ಇರುತ್ತವೆ. ಕೊಬ್ಬಿಗೆ ವಾಸನೆ ಹೀರುವ ಗುಣವಿದೆ. ಈರುಳ್ಳಿ ಪಕ್ಕ ಮುಚ್ಚದೆ ಇಟ್ಟ ಬೆಣ್ಣೆಯನ್ನು ನೋಡಿದವರಿಗೆ ಇದು ಗೊತ್ತು. ಎರಡನ್ನೂ ಒಂದೇ ಕಡೆ ಮುಚ್ಚಿಟ್ಟರೆ ಬೆಂಕಿಯೇ ಬೇಡ.

ಮೊದಲ ಸುತ್ತಿನಲ್ಲಿ ಬರೀ ತೆಂಗಿನೆಣ್ಣೆ ಹಾಕಿ ಕೆಟ್ಟಿತು. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಮಾರ್ಚ್‌ನಲ್ಲಿ ಮಡಿಕೇರಿಯ ರಾತ್ರಿಗೆ ಗಟ್ಟಿಯಾಗಿ, ಮಧ್ಯಾಹ್ನಕ್ಕೆ ನೀರಾಗಿ, ಹೂ ಅದರಲ್ಲಿ ಮುಳುಗಿ ಕಂದಿತು. 70 ಗ್ರಾಂ ತೆಂಗಿನೆಣ್ಣೆಗೆ 30 ಗ್ರಾಂ ಮುರುಗಲ ತುಪ್ಪ (ಕೋಕಂ ಹಣ್ಣಿನ ಬೀಜದ ಗಟ್ಟಿ ಕೊಬ್ಬು) ಸೇರಿಸಿದ ಮೇಲೆ ತಟ್ಟೆ ಇಡೀ ದಿನ ಬೆಣ್ಣೆಯ ಹದದಲ್ಲಿ ನಿಂತಿತು. ಮುರುಗಲ ತುಪ್ಪ ಕರಗಲು 38-40 ಡಿಗ್ರಿ ಬೇಕು. ಕೊಡಗಿನ ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿ ಮಾಡುವ ಪಣಪುಳಿ ಹಣ್ಣಿನ ಬೀಜದಲ್ಲೂ ಇದೇ ಜಾತಿಯ ಕೊಬ್ಬಿದೆ, ಬೀಜ ಎಸೆಯುವವರು ಒಮ್ಮೆ ಯೋಚಿಸಬಹುದು. ತೆಂಗಿನೆಣ್ಣೆ ಮಾತ್ರ ವಾಸನೆ ತೆಗೆದ ರಿಫೈನ್ಡ್ ಆಗಿರಬೇಕು. ಬೇರೆಲ್ಲ ಕಡೆ ಗಾಣದ ಎಣ್ಣೆಯೇ ಮೇಲು, ಇಲ್ಲಿ ಅದರ ಕೊಬ್ಬರಿ ವಾಸನೆ ಹೂವನ್ನು ಮುಚ್ಚಿಬಿಡುತ್ತದೆ.

20 ಸೆಂಟಿಮೀಟರ್ ಅಗಲದ ಗಾಜಿನ ಅಥವಾ ಸ್ಟೀಲ್ ತಟ್ಟೆಗೆ 100 ಗ್ರಾಂ ಕೊಬ್ಬು ಸುರಿದರೆ ಮೂರು-ನಾಲ್ಕು ಮಿಲಿಮೀಟರ್ ದಪ್ಪ ನಿಲ್ಲುತ್ತದೆ. ಗಟ್ಟಿಯಾದ ಮೇಲೆ ಫೋರ್ಕಿನಿಂದ ಅಡ್ಡಡ್ಡ ಗೀರಿ, ಮೇಲ್ಮೈ ಹೆಚ್ಚಿದಷ್ಟೂ ಘಮ ಹೀರುತ್ತದೆ. ಹೂವನ್ನು ಹತ್ತಿಬಟ್ಟೆಯ ಮೇಲೆ ಫ್ಯಾನಿನ ಗಾಳಿಗೆ ಒಂದು ಗಂಟೆ ಹರಡಿ, ಇಬ್ಬನಿ ಆರಿದ ಮೇಲೆ 20 ಗ್ರಾಂ ತೂಗಿ, ಮುಖ ಕೆಳಗಾಗುವಂತೆ ಒಂದೇ ಪದರದಲ್ಲಿ ಜೋಡಿಸಿ. ಅದೇ ಅಳತೆಯ ಇನ್ನೊಂದು ತಟ್ಟೆ ಬೋರಲು ಹಾಕಿ ಮುಚ್ಚಿ.

ಮಲ್ಲಿಗೆಯನ್ನು 24 ಗಂಟೆಗೊಮ್ಮೆ ಬದಲಿಸಿದರೆ ಸಾಕು, ಹತ್ತು ಸಲ. ಕಾಫಿ ಹೂ 12 ಗಂಟೆ ದಾಟಿದರೆ ಕಂದುಬಣ್ಣಕ್ಕೆ ತಿರುಗಿ ಒಣಹುಲ್ಲಿನ ವಾಸನೆ ಕೊಡುತ್ತದೆ. ಅದಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬದಲಿಸಬೇಕು. ಮೂರು ದಿನಕ್ಕೆ ಆರು ಸುತ್ತು ಆಗುತ್ತದೆ. ಆರು ಸುತ್ತಿಗೆ ಘಮ ಗೊತ್ತಾಗುವಷ್ಟು ಬರುತ್ತದೆ, ಹತ್ತಕ್ಕೆ ಚೆನ್ನಾಗಿ ಬರುತ್ತದೆ. ಸಿದ್ದಾಪುರ, ಗೋಣಿಕೊಪ್ಪ ಕಡೆ ಸ್ಪ್ರಿಂಕ್ಲರಿನಲ್ಲಿ ಒಂದೊಂದು ಬ್ಲಾಕಿಗೆ ಒಂದೊಂದು ದಿನ ನೀರು ಹಾಯಿಸುವ ತೋಟದವರಿಗೆ ಈ ಹತ್ತು ಸುತ್ತು ಸುಲಭ, ಹೂ ಸರದಿಯಲ್ಲಿ ಅರಳುತ್ತದೆ. ಬರೀ ಮಳೆ ನಂಬಿದವರು ಆರಕ್ಕೇ ತೃಪ್ತಿಪಡಬೇಕು.

ಹೂ ತೆಗೆಯುವಾಗ ಒಂದು ಎಸಳೂ ಉಳಿಯಬಾರದು, ಚಿಮುಟ ಬೇಕೇ ಬೇಕು. ತಟ್ಟೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಾದ ಹೂ ಘಮ ಬಿಡುವುದನ್ನು ಕಡಿಮೆ ಮಾಡುತ್ತದೆ, ಮೇಲಾಗಿ ಕೊಬ್ಬು ಫ್ರಿಜ್ಜಿನ ಸಾರಿನ ವಾಸನೆಯನ್ನೂ ಹೀರುತ್ತದೆ. ಕೊನೆಗೆ ಕೊಬ್ಬನ್ನು ಕೆರೆದು, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು 40 ಡಿಗ್ರಿ ದಾಟದಂತೆ ಕರಗಿಸಿ, ಸಣ್ಣ ಬಟ್ಟೆಯಲ್ಲಿ ಸೋಸಿ ಕಿರಿದಾದ ಲೋಟಕ್ಕೆ ಹಾಕಿ. ಗಟ್ಟಿಯಾದ ಮೇಲೆ ಅಡಿಯಲ್ಲಿ ಹೂವಿನಿಂದ ಬಂದ ನೀರು ಒಂದೆರಡು ಹನಿ ನಿಂತಿರುತ್ತದೆ. ಆ ನೀರು ಚೆಲ್ಲಿ, ಕೊಬ್ಬಿನ ತಳವನ್ನು ಬಟ್ಟೆಯಿಂದ ಒರೆಸಿ. ಈ ಒಂದು ಹೆಜ್ಜೆ ಬಿಟ್ಟ ಡಬ್ಬಿ ಜೂನ್ ತಿಂಗಳಿಗೆ ಹುಳಿ ವಾಸನೆ ಹೊಡೆಯಿತು. ಒರೆಸಿಟ್ಟದ್ದು ದೀಪಾವಳಿವರೆಗೂ ಹೂವಿನಂತೆಯೇ ಇತ್ತು.

ಕಾಫಿಗೂ ಮಲ್ಲಿಗೆಗೂ ನಾಲ್ಕರಲ್ಲಿ ಇದೇ ಮೊದಲನೆಯದು, ಕಾಫಿಗಂತೂ ಎರಡನೆಯದು ತುಂಬ ದೂರದಲ್ಲಿದೆ. ಗುಲಾಬಿಗೆ ಈ ತಟ್ಟೆ ವ್ಯರ್ಥ. ಕಿತ್ತ ಮೇಲೆ ಅದು ಹೊಸ ಘಮ ಹುಟ್ಟಿಸುವುದು ತೀರ ಕಡಿಮೆ, ಐದು ಸುತ್ತಾದರೂ ಕೊಬ್ಬು ಕೊಬ್ಬಾಗಿಯೇ ಇತ್ತು.

ಎಣ್ಣೆಯಲ್ಲಿ ನೆನೆಹಾಕುವುದು

ಎಲ್ಲರಿಗೂ ಗೊತ್ತಿರುವ ದಾರಿ. 200 ಮಿಲಿ ಎಳ್ಳೆಣ್ಣೆಗೆ 20 ಗ್ರಾಂ ಹೂ, ದಿನಕ್ಕೊಮ್ಮೆ ಸೋಸಿ ಹೊಸ ಹೂ, ಏಳು ದಿನ. ಸಂಪಿಗೆಗೆ ಇದು ಒಪ್ಪುತ್ತದೆ. ಅದರ ದಪ್ಪ ಎಸಳು ಎಣ್ಣೆಯಲ್ಲಿ ಬೇಗ ಕೊಳೆಯುವುದಿಲ್ಲ, ನೆರಳಲ್ಲಿ ಒಂದು ರಾತ್ರಿ ಬಾಡಿಸಿ ಹಾಕಿದರೆ ಇನ್ನೂ ಒಳ್ಳೆಯದು. ಕಾಫಿ ಹೂ ಎಣ್ಣೆಯಲ್ಲಿ ಮುಳುಗಿದ ಕೂಡಲೇ ಸಾಯುತ್ತದೆ, ಇದ್ದ ಘಮ ಬಂದರೆ ಬಂತು, ಹೊಸದಾಗಿ ಏನೂ ಸೇರುವುದಿಲ್ಲ. ಒಣಗಿಸಿ ಹಾಕಿದ ಮಲ್ಲಿಗೆ, ಕಾಫಿ ಎರಡರಲ್ಲೂ ಘಮವೇ ಇರಲಿಲ್ಲ.

ಹಸಿ ಹೂವಿನಲ್ಲಿ ಮುಕ್ಕಾಲಿಗೂ ಹೆಚ್ಚು ನೀರೇ. ಸೋಸಿದ ಎಣ್ಣೆಯನ್ನು ಎತ್ತರದ ಬಾಟಲಿಯಲ್ಲಿ ಎರಡು ದಿನ ಅಲುಗಿಸದೆ ಇಟ್ಟರೆ ಅಡಿಯಲ್ಲಿ ಮಸುಕಾದ ಪದರ ಕಾಣುತ್ತದೆ. ಮೇಲಿನದನ್ನು ಸಣ್ಣ ನಳಿಕೆಯಿಂದ ಎಳೆದುಕೊಳ್ಳಿ, ಕೊನೆಯ ಎರಡು ಚಮಚದ ಆಸೆ ಬಿಡಿ. ಬಿಸಿಲಿಗಿಡುವುದಾದರೆ ಬಾಟಲಿಗೆ ಕಂದು ಕಾಗದ ಸುತ್ತಿ. ಬೇಕಾದದ್ದು ಬಿಸಿಲಿನ ಶಾಖ, ಬೆಳಕು ಬಿದ್ದರೆ ಎಣ್ಣೆ ಮುಗ್ಗುತ್ತದೆ. ಎಳ್ಳೆಣ್ಣೆ, ತೆಂಗಿನೆಣ್ಣೆ ತಡೆದುಕೊಳ್ಳುತ್ತವೆ, ಸೂರ್ಯಕಾಂತಿ ಎಣ್ಣೆ ಬೇಗ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತದಲ್ಲ ಅನ್ನಬಹುದು. ಸೀಗೆಕಾಯಿ, ಅಂಟುವಾಳಕ್ಕೆ ಅಟ್ಟ ಬಹಳ ಚೆನ್ನು, ಹೂವಿಗೆ ಹೊಗೆ ಹತ್ತುತ್ತದೆ.

ದಾಸವಾಳ, ಗರುಗ (ಭೃಂಗರಾಜ), ಕರಿಬೇವಿನ ಲೆಕ್ಕ ಬೇರೆ. ಅಲ್ಲಿ ಘಮದ ಚಿಂತೆಯಿಲ್ಲ, ಸಾರ ಇಳಿಯಬೇಕು, ಹಾಗಾಗಿ ಬೆಂಕಿ ಬೇಕು. ಆಯುರ್ವೇದದ ತೈಲಪಾಕದ ಅಳತೆ ಒಂದು ಪಾಲು ಕಲ್ಕ (ಅರೆದ ಮುದ್ದೆ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ನೀರು ಅಥವಾ ಕಷಾಯ. ಅಂದರೆ 50 ಗ್ರಾಂ ದಾಸವಾಳದ ಎಲೆ-ಹೂವಿನ ಕಲ್ಕಕ್ಕೆ 200 ಮಿಲಿ ಎಣ್ಣೆ, 800 ಮಿಲಿ ನೀರು. ಸಣ್ಣ ಉರಿಯಲ್ಲಿ ನೀರೆಲ್ಲ ಆರುವವರೆಗೆ ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಎಣ್ಣೆಪಾಕದಲ್ಲಿ ಕೊನೆಗೆ ನೊರೆ ಏಳುತ್ತದೆ, ತುಪ್ಪದಲ್ಲಾದರೆ ನೊರೆ ಅಡಗುತ್ತದೆ. ಕಲ್ಕವನ್ನು ಬೆರಳಲ್ಲಿ ಹೊಸೆದರೆ ಅಂಟದೆ ಬತ್ತಿಯಾಗಬೇಕು. ಆ ಬತ್ತಿಯನ್ನು ಉರಿಗೆ ಹಿಡಿದಾಗ ಚಟಪಟ ಅಂದರೆ ನೀರು ಇನ್ನೂ ಇದೆ. ಸದ್ದಿಲ್ಲದೆ ಉರಿದರೆ ತಕ್ಷಣ ಇಳಿಸಿ ಬಿಸಿಯಿರುವಾಗಲೇ ಸೋಸಿ. ಐದು ನಿಮಿಷ ತಡವಾದರೂ ಕಲ್ಕ ಕಪ್ಪಾಗಿ ಸೀದ ವಾಸನೆ ಎಣ್ಣೆಗೆ ಇಳಿಯುತ್ತದೆ.

ಎಳ್ಳಿನ ಪದರ

ಉತ್ತರ ಭಾರತದಲ್ಲಿ ಫುಲೇಲ್ ಎಂಬ ತಲೆಎಣ್ಣೆಯನ್ನು ಹೀಗೆ ಮಾಡುವ ಹಳೆಯ ಪದ್ಧತಿಯಿದೆ. ಎಣ್ಣೆಗೆ ಘಮ ಕೂಡಿಸುವ ಬದಲು ಎಳ್ಳಿಗೇ ಕೂಡಿಸಿ, ಆಮೇಲೆ ಎಣ್ಣೆ ತೆಗೆಯುತ್ತಾರೆ. ತೊಳೆಯದ, ಚೆನ್ನಾಗಿ ಒಣಗಿದ 2 ಕಿಲೋ ಬಿಳಿ ಎಳ್ಳನ್ನು ಬಟ್ಟೆ ಹಾಸಿದ ಬುಟ್ಟಿಯಲ್ಲಿ 400 ಗ್ರಾಂ ಮಲ್ಲಿಗೆಯೊಂದಿಗೆ ಪದರ ಪದರವಾಗಿ ಹಾಕಿ 12 ಗಂಟೆ ಇಡಬೇಕು. ಜರಡಿ ಹಿಡಿದು, ಎಳ್ಳನ್ನು ಮೂರು-ನಾಲ್ಕು ಗಂಟೆ ನೆರಳಲ್ಲಿ ಆರಿಸಿ, ಮತ್ತೆ ಹೊಸ ಹೂ. ಐದು ಸುತ್ತು.

ಘಮದ ಗುಣಕ್ಕೆ ಇದು ಕೊಬ್ಬಿನ ತಟ್ಟೆಗೆ ಹತ್ತಿರ ಬರುತ್ತದೆ, ಎಣ್ಣೆಯಲ್ಲಿ ನೀರಿನ ಕಾಟವೂ ಇಲ್ಲ. ಅಡ್ಡಿ ಗಾಣದಲ್ಲಿದೆ. ಮನೆಯ ಸಣ್ಣ ಎಲೆಕ್ಟ್ರಿಕ್ ಯಂತ್ರದ ಕೊಳವೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಅರ್ಧ ಘಮ ಅಲ್ಲೇ ಆರಿಹೋಗುತ್ತದೆ. ಮರದ ಗಾಣ ತಣ್ಣಗೆ ಅರೆಯುತ್ತದೆ, ಆದರೆ ಎರಡು ಕಿಲೋಕ್ಕೆ ಗಾಣ ತಿರುಗಿಸುವವರು ಸಿಗುವುದು ಕಷ್ಟ. ನಾಲ್ಕೈದು ಮನೆಯವರು ಸೇರಿ ಹತ್ತು ಕಿಲೋ ಮಾಡುವುದಾದರೆ ಮಾತ್ರ ಇದನ್ನು ಹಿಡಿಯಿರಿ. ಕಾಫಿ ಹೂವಿಗೆ ಬೇಡ, ಕಂದಿದ ಚೂರುಗಳು ಎಳ್ಳಿಗೆ ಅಂಟಿ ಜರಡಿಯಲ್ಲಿ ಬಿಡುವುದಿಲ್ಲ.

ಆವಿ ಇಳಿಸುವುದು

ಐದು ಲೀಟರ್ ಪಾತ್ರೆ, ನಡುವೆ ಎತ್ತರದ ಕಲ್ಲು, ಅದರ ಮೇಲೆ ಸ್ಟೀಲ್ ಬಟ್ಟಲು. ಕಲ್ಲಿನ ಸುತ್ತ 250 ಗ್ರಾಂ ನಾಟಿ ಗುಲಾಬಿ ಎಸಳು, 1 ಲೀಟರ್ ನೀರು. ನೀರು ಬಟ್ಟಲಿನ ತಳ ಮುಟ್ಟಬಾರದು. ಗುಬುಟಿರುವ ಮುಚ್ಚಳ ಬೋರಲು ಹಾಕಿ ಅದರ ಮೇಲೆ ಮಂಜುಗಡ್ಡೆ. ಅಂಚಿಗೆ ಕಡುಬಿನ ಪಾತ್ರೆಗೆ ಮೆತ್ತುವಂತೆ ಗೋಧಿಹಿಟ್ಟು ಮೆತ್ತಿ. ನೀರು ಮೆಲ್ಲಗೆ ಕುದಿಯಬೇಕು. ಉರಿ ಜೋರಾದರೆ ಹೂವಿನ ನೀರೇ ಹಾರಿ ಬಟ್ಟಲಿಗೆ ಬೀಳುತ್ತದೆ. ಸಿಕ್ಕ ನೀರು ಗುಲಾಬಿ ಬಣ್ಣದ್ದಾಗಿದ್ದರೆ ಅದು ಹಾರಿ ಬಿದ್ದದ್ದೇ, ಸರಿಯಾಗಿ ಇಳಿದ ನೀರಿಗೆ ಬಣ್ಣವಿರುವುದಿಲ್ಲ.

ಮೊದಲ 150 ಮಿಲಿ ಅತ್ಯುತ್ತಮ, ಅದನ್ನು ಬೇರೆ ತೆಗೆದಿಡಿ. 300 ಮಿಲಿ ಆದಾಗ ನಿಲ್ಲಿಸಿ, ಮುಂದೆ ಬರುವುದು ಬೆಂದ ನೀರು. ಕಿತ್ತಳೆ ಹೂ ಇಲ್ಲಿ ಗುಲಾಬಿಯಷ್ಟೇ ಚೆನ್ನಾಗಿ ಕೊಟ್ಟಿತು. ಕಿತ್ತಳೆ ಗಿಡ ತನ್ನ ಹೂವಿನಲ್ಲಿ ಬಹುಪಾಲನ್ನು ತಾನೇ ಉದುರಿಸುತ್ತದೆ, ಬೆಳಿಗ್ಗೆ ಬುಡದಲ್ಲಿ ಬಟ್ಟೆ ಹಾಸಿದರೆ ಫಸಲಿಗೆ ನಷ್ಟವಿಲ್ಲ. ಮಜ್ಜಿಗೆಹುಲ್ಲು, ಲಾವಂಚದ ಬೇರು, ಏಲಕ್ಕಿ ಸಿಪ್ಪೆಗೂ ಇದೇ ದಾರಿ. ಬೇರನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಕಾಫಿ ಹೂವಿಗೂ ಮಲ್ಲಿಗೆಗೂ ಆವಿ ಆಗದು, ಎರಡೂ ಬೆಂದ ಬೀನ್ಸಿನ ವಾಸನೆ ಕೊಟ್ಟವು.

ಹೂವಿನ ನೀರಿಗೆ ಯಾವ ಸಂರಕ್ಷಕವೂ ಇಲ್ಲ. ಕುದಿಸಿ ಒಣಗಿಸಿದ ಬಾಟಲಿಯಲ್ಲಿ ಫ್ರಿಜ್ಜಿನೊಳಗೆ ಮೂರು ವಾರ, ಅಷ್ಟೇ. ಹತ್ತಿಯ ಎಳೆಯಂಥದ್ದು ತೇಲಿದರೆ ಸೋಸಿ ಉಳಿಸಿಕೊಳ್ಳಬೇಡಿ, ಗಿಡಕ್ಕೆ ಸುರಿಯಿರಿ.

ಮುಲಾಮು ಕಟ್ಟುವಾಗ

ಕಾಫಿ ಹೂವಿನ ಕೊಬ್ಬು 60 ಗ್ರಾಂ, ತೆಂಗಿನೆಣ್ಣೆ 28 ಗ್ರಾಂ, ಜೇನುಮೇಣ 12 ಗ್ರಾಂ. ಮೇಣ ಕರಗುವುದು 62-64 ಡಿಗ್ರಿಯಲ್ಲಿ. ಎಲ್ಲವನ್ನೂ ಒಟ್ಟಿಗೆ ಕಾಯಿಸಿದರೆ ಹತ್ತು ಸುತ್ತಿನ ಹೂವಿನ ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಮೇಣವನ್ನು ತೆಂಗಿನೆಣ್ಣೆಯಲ್ಲಿ ಮಾತ್ರ ಕರಗಿಸಿ, ಇಳಿಸಿ, ಬಟ್ಟಲಿನ ಅಂಚಿನಲ್ಲಿ ಮಸುಕು ಕಟ್ಟತೊಡಗಿದಾಗ, ಬೇರೆಯಾಗಿ 40 ಡಿಗ್ರಿಯಲ್ಲಿ ಕರಗಿಸಿದ ಹೂವಿನ ಕೊಬ್ಬನ್ನು ಸುರಿದು ಬೇಗಬೇಗ ಕಲಕಿ ಡಬ್ಬಿಗೆ ತುಂಬಿ. ಡಬ್ಬಿಯನ್ನು ತಣ್ಣೀರಿನ ತಟ್ಟೆಯಲ್ಲಿಡಿ. ನಿಧಾನ ತಣಿದರೆ ಮುರುಗಲ ತುಪ್ಪ ರವೆಯಂತೆ ಹರಳುಗಟ್ಟುತ್ತದೆ.

12 ಗ್ರಾಂ ಮೇಣ ಮಡಿಕೇರಿ, ಭಾಗಮಂಡಲದ ಲೆಕ್ಕ. ಡಿಸೆಂಬರ್‌ನಲ್ಲಿ ಬೆರಳಿಗೆ ಬರಬೇಕಾದರೆ 8 ಗ್ರಾಂ ಸಾಕು. ಏಪ್ರಿಲ್‌ನಲ್ಲಿ ಕುಶಾಲನಗರದ ಸೆಖೆಗೆ 16 ಬೇಕು, ಇಲ್ಲದಿದ್ದರೆ ಚೀಲದಲ್ಲಿ ಸೋರುತ್ತದೆ. 100 ಗ್ರಾಂಗೆ ಅರ್ಧ ಗ್ರಾಂ ವಿಟಮಿನ್ ಇ ಹಾಕಿದರೆ ಎಣ್ಣೆ ಮುಗ್ಗುವುದು ತಡವಾಗುತ್ತದೆ. ಬೂಷ್ಟನ್ನು ಅದು ತಡೆಯುವುದಿಲ್ಲ, ಒದ್ದೆ ಬೆರಳು ಹಾಕದಿರುವುದೇ ಅದಕ್ಕೆ ಉಪಾಯ. ಹೊಸ ಮುಲಾಮನ್ನು ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ನೋಡಿ. ನಿಂಬೆ ಸಿಪ್ಪೆ ನೆನೆಹಾಕಿದ ಎಣ್ಣೆಯನ್ನು ಇದಕ್ಕೆ ಬೆರೆಸಬೇಡಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಬಹುದು.

ಡಬ್ಬಿಯ ಮೇಲೆ ಹೂ, ಸುತ್ತಿನ ಸಂಖ್ಯೆ, ತಾರೀಕು ಬರೆದಿಡಿ. ಮುಂದಿನ ಹೂಮಳೆಗೆ ಹಳೆಯ ಕೊಬ್ಬು ಉಳಿದಿದ್ದರೆ ಮೊದಲು ಮೂಸಿ. ಹಳೇ ಕಡಲೆಕಾಯಿಯ ವಾಸನೆ ಬಂದರೆ ಅದರ ಮೇಲೆ ಹೊಸ ಹೂ ಹಾಸಬೇಡಿ, ಬಾಗಿಲಿನ ತಿರುಗಣಿಗೆ ಹಚ್ಚಿ ಮುಗಿಸಿ.