ನರ್ತಕರ ಫಿಸಿಯೋಥೆರಪಿ: ನೃತ್ಯ ಬಿಟ್ಟ 11 ವರ್ಷಗಳ ನಂತರ ಪಡೆದ ಚಿಕಿತ್ಸೆ

9ನೇ ವಯಸ್ಸಿನಲ್ಲಿ ಬ್ಯಾಲೆ ಕಲಿಯಲು ಸೇರಿ 14 ವರ್ಷ ಬಿಡದೆ ಅಭ್ಯಾಸ ಮಾಡಿದವಳು ನಾನು. ನೃತ್ಯ ನಿಲ್ಲಿಸಿ 11 ವರ್ಷಗಳಾದರೂ ಸುಮ್ಮನೆ ನಿಂತರೆ ಪಾದಗಳು ತಾವಾಗಿಯೇ ಹೊರಕ್ಕೆ ತಿರುಗುತ್ತವೆ, ಮೆಟ್ಟಿಲಿಳಿಯುವಾಗ ಬಲ ಮಂಡಿಯ ಒಳಬದಿ ನೋಯುತ್ತದೆ, ಕಾಲನ್ನು ಮೇಲೆತ್ತಿದರೆ ಸೊಂಟದ ಕೀಲಿನಲ್ಲಿ ‘ಟಕ್’ ಎಂದು ಸದ್ದಾಗುತ್ತದೆ. ನರ್ತಕರಿಗೆಂದೇ ನಡೆಯುವ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ 3 ತಿಂಗಳಲ್ಲಿ 8 ಬಾರಿ ಚಿಕಿತ್ಸೆ ಪಡೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯೇ ಈ ಸೇವೆಯ ಅತ್ಯುತ್ತಮ ಭಾಗ. ಹಿಂದೆ ಹೋದಲ್ಲೆಲ್ಲ ನೋಯುವ ಮಂಡಿಯನ್ನಷ್ಟೇ ಒತ್ತಿ ನೋಡಿದ್ದರು. ಇಲ್ಲಿಯ ಚಿಕಿತ್ಸಕಿ ನನ್ನನ್ನು ಬೋರಲಾಗಿ ಮಲಗಿಸಿ, ಮಂಡಿಯನ್ನು ಮಡಿಸಿ, ಕಾಲನ್ನು ಲೋಲಕದಂತೆ ಆಚೀಚೆ ತೂಗಿ ಕೋನಮಾಪಕ ಹಿಡಿದರು. ಬಲ ಸೊಂಟದ ಕೀಲು ಹೊರಕ್ಕೆ ತಿರುಗಿದ್ದು 52 ಡಿಗ್ರಿ. ಬ್ಯಾಲೆಯಲ್ಲಿ ಬಯಸುವಂತೆ ಎರಡು ಪಾದಗಳೂ ಪೂರ್ತಿ ಹೊರಕ್ಕೆ ತಿರುಗಿ ಒಂದೇ ಗೆರೆಗೆ ಬರಬೇಕಾದರೆ ಪ್ರತಿ ಕಾಲೂ 90 ಡಿಗ್ರಿ ತಿರುಗಬೇಕು. ಉಳಿದ 38 ಡಿಗ್ರಿಯನ್ನು ಎಲ್ಲಿಂದ ತಂದಿರಿ ಎಂದು ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನೆಲಕ್ಕೆ ಪಾದವನ್ನು ಒತ್ತಿಹಿಡಿದು, ಮಂಡಿಯ ಕೆಳಗಿನ ಮೂಳೆಯನ್ನು ತಿರುಚಿ, ಪಾದದ ಕಮಾನನ್ನು ಒಳಕ್ಕೆ ಕುಸಿಯಗೊಟ್ಟು ಆ ಕೊರತೆಯನ್ನು ತುಂಬಿಕೊಂಡಿದ್ದೆ ಎಂಬುದನ್ನು ಅವರು ನನ್ನ ಕಾಲಿನ ಮೇಲೆಯೇ ಬೆರಳಿಟ್ಟು ತೋರಿಸಿದರು. ಮಂಡಿಯ ನೋವೂ ಕಾಲ ಹೆಬ್ಬೆರಳ ಬುಡದ ಗಂಟೂ ಒಂದೇ ಲೆಕ್ಕದ ಬಾಕಿ ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಯಾವುದು ಬದಲಾಗುತ್ತದೆ, ಯಾವುದು ಬದಲಾಗದು ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ನಾನು ಕೃತಜ್ಞಳು. ತೊಡೆಮೂಳೆಯ ತಿರುವು ಬದಲಾಗುವುದು ಬೆಳವಣಿಗೆ ಮುಗಿಯುವಷ್ಟರಲ್ಲಿ ನಿಂತುಹೋಗಿರುತ್ತದೆ. ಮೂಳೆಗೆ ಮೂಳೆಯನ್ನು ಕಟ್ಟುವ ಅಸ್ಥಿರಜ್ಜು ಒಮ್ಮೆ ಹಿಗ್ಗಿದರೆ ಮತ್ತೆ ಮೊದಲಿನಂತೆ ಬಿಗಿಯಾಗುವುದಿಲ್ಲ. ಸ್ನಾಯುಗಳನ್ನು ಮಾತ್ರ ಯಾವ ವಯಸ್ಸಿನಲ್ಲೂ ಬಲಪಡಿಸಬಹುದು. ಪೃಷ್ಠದ ಆಳದಲ್ಲಿ ತೊಡೆಯನ್ನು ಹೊರಕ್ಕೆ ತಿರುಗಿಸುವ 6 ಸಣ್ಣ ಸ್ನಾಯುಗಳಿವೆ. ಅವುಗಳ ಮೇಲೆ 6 ವಾರ ಕೆಲಸ ಮಾಡಿದ ನಂತರ ಮೆಟ್ಟಿಲ ಮೇಲಿನ ನೋವು ಬಹುಮಟ್ಟಿಗೆ ಇಳಿದಿದೆ. ಸೊಂಟದ ಸದ್ದು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವೊಂದು ಮೂಳೆಯ ಉಬ್ಬಿನ ಮೇಲೆ ಜಾರುವಾಗ ಬರುವಂಥದ್ದು, ನೋವಿಲ್ಲದಿದ್ದರೆ ಹೆದರಬೇಕಾಗಿಲ್ಲ ಎಂದರು. ಸವೆದ ಹೆಬ್ಬೆರಳ ಕೀಲಿಗೆ ಮಾತ್ರ, ಮುಂಭಾಗ ಬಾಗಿರುವ ಗಟ್ಟಿ ಅಟ್ಟೆಯ ಷೂ ಒಂದೇ ಸದ್ಯದ ದಾರಿ.

ಉಳಿದಿರುವುದೆಲ್ಲ ನೋವೇ ಅಲ್ಲ. ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಾನು ಅಲುಗಾಡದೆ ನಿಂತಿದ್ದನ್ನು ಅವರು ಸಂತೋಷದಿಂದಲೇ ಬರೆದುಕೊಂಡರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಯಾಲೆ ನರ್ತಕಿಯರನ್ನು ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳೊಂದಿಗೆ ಹೋಲಿಸಿದಾಗ, ದೇಹದ ಸಮತೋಲನದ ಬಗ್ಗೆ ಒಳಕಿವಿ ಕಳಿಸುವ ಸಂಕೇತಗಳನ್ನು ಸ್ವೀಕರಿಸುವ ಕಿರುಮಿದುಳಿನ ಭಾಗ ನರ್ತಕಿಯರಲ್ಲಿ ಚಿಕ್ಕದಾಗಿತ್ತು. ಸುತ್ತಿ ನಿಂತ ಮೇಲೆ ಅವರಿಗೆ ತಲೆ ತಿರುಗುವ ಅನುಭವವೂ ಬೇಗ ಮುಗಿಯುತ್ತಿತ್ತು.

ಕೊರತೆಗಳೂ ಇವೆ. ಮನೆಯಲ್ಲಿ ಮಾಡಲು ಕೊಟ್ಟ ಹಾಳೆ ಎಲ್ಲರಿಗೂ ಕೊಡುವಂಥದ್ದೇ ಆಗಿತ್ತು. 10 ವ್ಯಾಯಾಮಗಳಲ್ಲಿ 4 ಕೇವಲ ಸ್ನಾಯು ಹಿಗ್ಗಿಸುವಂಥವು. ಈಗಾಗಲೇ ಅತಿಯಾಗಿ ಸಡಿಲಗೊಂಡ ಕೀಲುಗಳಿಗೆ ಅವು ಬೇಡವಾಗಿದ್ದವು. ನಾನು ಕೇಳಿದ ಮೇಲಷ್ಟೇ, ಅದೂ 2 ಭೇಟಿಗಳ ನಂತರ, ಹಾಳೆ ಬದಲಾಯಿತು.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದು. ಅಭ್ಯಾಸದ ವರ್ಷಗಳಲ್ಲಿ ಊಟ ಹೇಗಿತ್ತು, ಮುಟ್ಟು ಕ್ರಮವಾಗಿತ್ತೇ ಎಂದು ಯಾರೂ ಕೇಳಲಿಲ್ಲ. ದೇಹ ದುಡಿದಷ್ಟು ಆಹಾರ ಸಿಗದೆ ಮುಟ್ಟು ನಿಂತರೆ, ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಅದರ ಸಾಂದ್ರತೆ ಕುಂದುತ್ತದೆ, ಕಳೆದುಕೊಂಡದ್ದು ಮುಂದೆ ಪೂರ್ತಿ ತುಂಬದೆಯೂ ಹೋಗಬಹುದು. ನರ್ತಕರಿಗೆಂದೇ ಇರುವ ಕೇಂದ್ರದ ಮೊದಲ ದಿನದ ಪ್ರಶ್ನೆಗಳಲ್ಲಿ ಇದು ಇರಲೇಬೇಕಿತ್ತು. 16ನೇ ವಯಸ್ಸಿನಲ್ಲಿ ನನಗೆ 7 ತಿಂಗಳು ಮುಟ್ಟು ನಿಂತಿದ್ದನ್ನು 8ನೇ ಭೇಟಿಯಲ್ಲಿ ನಾನೇ ಹೇಳಿದೆ. ಚಿಕಿತ್ಸಕಿ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡು, ವೈದ್ಯರನ್ನು ಕಂಡು ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳಲು ತಿಳಿಸಿದರು. ವರದಿ ಬಂದ ಕೂಡಲೇ ಅದನ್ನು ಹಿಡಿದು ಅವರಲ್ಲಿಗೇ ಹೋಗುತ್ತೇನೆ.